ಗೊರವಂಕದ ಮರಿ ಸಿಕ್ಕಿದೆ, ಸಾಕಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಗೊರವಂಕದ ಬಗ್ಗೆಯೇ. ಬೇಸಿಗೆ ಶುರುವಾದಾಗಿನಿಂದ ಮಳೆಗಾಲ ಮುಗಿಯುವ ತನಕ ಅದು ಗೂಡು ಕಟ್ಟಿ ಮರಿ ಮಾಡುವ ಕಾಲ. ಹಾಗಾಗಿ ಮರಿ ಬಿದ್ದಿದೆ, ಕಿಟಕಿ ಕುಕ್ಕುತ್ತಿದೆ, ಎಕ್ಸಾಸ್ಟ್ ಫ್ಯಾನಿನ ತೂತಲ್ಲಿ ಕಸ ತುಂಬಿದೆ ಅನ್ನುವ ಪ್ರಶ್ನೆಗಳೆಲ್ಲ ಒಟ್ಟಿಗೇ ಬರುತ್ತವೆ. ಮೈನಾ ಅಂತಲೂ ಕರೆಯುವ ಈ ಹಕ್ಕಿಯನ್ನು ನೋಡದವರು ಇಲ್ಲ. ಕಂದು ಮೈ, ಕರಿ ತಲೆ, ಹಳದಿ ಕೊಕ್ಕು, ಹಳದಿ ಕಾಲು, ಕಣ್ಣಿನ ಹಿಂದೆ ಒಂದಿಷ್ಟು ಹಳದಿ ಚರ್ಮ, ಹಾರಿದರೆ ರೆಕ್ಕೆಯಲ್ಲಿ ಬಿಳಿ ಮಚ್ಚೆ. ಕೆಲವು ಪ್ರಶ್ನೆಗಳಿಗೆ ಉದ್ದ ಉತ್ತರವೇ ಬೇಕಿತ್ತು, ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ತೋಟದಲ್ಲಿ ಸುಳಿ ಸತ್ತ ತೆಂಗಿನ ಮರವೊಂದು ಗಾಳಿಗೆ ಬಿತ್ತು. ಅದರ ಪೊಟರೆಯಲ್ಲಿ ಗೊರವಂಕದ ಎರಡು ಮರಿ ಇದ್ದವು. ಮಕ್ಕಳು ಚಪ್ಪಲಿ ಡಬ್ಬದಲ್ಲಿಟ್ಟು ಹಾಲಲ್ಲಿ ನೆನೆಸಿದ ಬ್ರೆಡ್ ತಿನ್ನಿಸುತ್ತಿದ್ದಾರೆ. ಈಗಿನಿಂದಲೇ ಸಾಕಿದರೆ ಮಾತು ಕಲಿಯುತ್ತೆ ಅಂತಾರೆ, ನಿಜವಾ? (ತಿಪಟೂರಿನ ಓದುಗರು)

ಉತ್ತರ: ಮೊದಲು ಹಾಲು ನಿಲ್ಲಿಸಿ. ಇದನ್ನು ಓದಿದ ತಕ್ಷಣ ನಿಲ್ಲಿಸಿ, ಮುಂದಿನದು ಆಮೇಲೆ ಓದಿದರಾಯಿತು. ಹಕ್ಕಿ ಮರಿ ಹಾಲು ಕುಡಿದು ಬೆಳೆಯುವ ಜೀವ ಅಲ್ಲ, ಅದಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಇಂಕ್ ಫಿಲ್ಲರ್‌ನಲ್ಲೋ ಚಮಚದಲ್ಲೋ ಬಾಯಿಗೆ ನೀರು ಬಿಡುವುದೂ ಬೇಡ. ಮರಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇರುತ್ತದೆ, ಒಂದು ಹನಿ ಅತ್ತ ಹೋದರೂ ಮರಿ ಉಸಿರುಗಟ್ಟಿ ಸಾಯಬಹುದು. ಗೂಡಿನಲ್ಲಿ ಮರಿಗೆ ಯಾರೂ ನೀರು ಕುಡಿಸುವುದಿಲ್ಲ, ಬೇಕಾದ ನೀರು ಹುಳದ ಗುಟುಕಿನಲ್ಲೇ ಸಿಗುತ್ತದೆ.

ಈಗ ಮರಿಗಳನ್ನು ಹತ್ತಿರದಿಂದ ನೋಡಿ. ಕಣ್ಣು ಬಿಟ್ಟಿಲ್ಲ, ಮೈಯೆಲ್ಲ ಬರೀ ಚರ್ಮ ಅಂದರೆ ಅವು ಇನ್ನೂ ಎಳೆಯವು. ಗರಿ ಮೂಡಿದೆ, ಬಾಲ ಮಾತ್ರ ಮೋಟು, ತಲೆ ಇನ್ನೂ ಕಪ್ಪಾಗದೆ ಮಂಕು ಕಂದು ಬಣ್ಣದಲ್ಲಿದೆ, ಕೊಕ್ಕಿನ ಎರಡೂ ಮೂಲೆಯಲ್ಲಿ ದಪ್ಪ ಹಳದಿ ಅಂಚು ಕಾಣುತ್ತಿದೆ ಅಂದರೆ ಇನ್ನು ಕೆಲವೇ ದಿನದಲ್ಲಿ ಹಾರುವ ಮರಿಗಳು. ಎರಡಕ್ಕೂ ಮದ್ದು ಒಂದೇ, ಅಪ್ಪ ಅಮ್ಮನಿಗೆ ವಾಪಸ್ ಕೊಡುವುದು. ಮರ ಬಿದ್ದರೂ ಅವು ಆ ಜಾಗ ಬಿಟ್ಟು ಸುಲಭಕ್ಕೆ ಹೋಗುವುದಿಲ್ಲ, ಅಲ್ಲೇ ಸುತ್ತುತ್ತಾ ಕೂಗುತ್ತಿರುತ್ತವೆ. ಒಂದು ಸಣ್ಣ ಬುಟ್ಟಿ ತಗೊಳ್ಳಿ, ಪ್ಲಾಸ್ಟಿಕ್ ಡಬ್ಬವಾದರೆ ತಳಕ್ಕೆ ನೀರು ಇಳಿಯಲು ತೂತು ಮಾಡಿ. ಒಳಗೆ ಒಣ ಹುಲ್ಲು, ತೆಂಗಿನ ನಾರು ಹಾಕಿ. ಮರ ಬಿದ್ದ ಜಾಗಕ್ಕೆ ಆದಷ್ಟು ಹತ್ತಿರದ ಮರಕ್ಕೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿ, ಬಿಸಿಲು ಮಳೆ ನೇರ ಬೀಳದ ಹಾಗೆ ಭದ್ರವಾಗಿ ಕಟ್ಟಿ ಮರಿಗಳನ್ನು ಅದರಲ್ಲಿಡಿ. ಆಮೇಲೆ ನೀವು ದೂರ ಹೋಗಬೇಕು. ಈ ಭಾಗ ಬಹಳ ಮುಖ್ಯ, ಯಾಕೆಂದರೆ ಬುಟ್ಟಿಯ ಕೆಳಗೇ ನಿಂತು ಕತ್ತೆತ್ತಿ ನೋಡುತ್ತಿದ್ದರೆ ಅವು ಹತ್ತಿರ ಬರುವುದೇ ಇಲ್ಲ. ನಲವತ್ತು ಐವತ್ತು ಅಡಿ ದೂರದಿಂದ ನೋಡಿ. ಬಾಯಲ್ಲಿ ಮಿಡತೆ ಕಚ್ಚಿಕೊಂಡು ಬಂದ ಹಕ್ಕಿ ಮೊದಲು ತಂತಿಯ ಮೇಲೋ ತೆಂಗಿನ ಗರಿಯ ಮೇಲೋ ಕೂರುತ್ತದೆ, ಆ ಕಡೆ ಈ ಕಡೆ ನೋಡುತ್ತದೆ, ಒಂದು ಸಲ ಹಾರಿ ಹೋಗಿ ಮತ್ತೆ ಬರುತ್ತದೆ, ಎಲ್ಲ ಸರಿ ಇದೆ ಅನ್ನಿಸಿದ ಮೇಲೆ ಬುಟ್ಟಿಯ ಅಂಚಿಗೆ ಇಳಿದು ಗುಟುಕು ಕೊಡುತ್ತದೆ. ಒಂದು ಸಲ ಗುಟುಕು ಕೊಟ್ಟಿತು ಅಂದರೆ ನಿಮ್ಮ ಕೆಲಸ ಮುಗಿಯಿತು.

ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳಲ್ಲ ಅನ್ನುವ ಮಾತನ್ನು ನಂಬಬೇಡಿ. ಆ ಒಂದು ಮಾತಿನಿಂದ ಎಷ್ಟೋ ಮರಿಗಳು ಚಪ್ಪಲಿ ಡಬ್ಬದಲ್ಲೇ ಸಾಯುತ್ತವೆ. ಸಂಜೆ ತನಕ ಕಾದರೂ ಯಾವ ಹಕ್ಕಿಯೂ ಬರಲಿಲ್ಲ, ಇಲ್ಲವೇ ಮರಿಗೆ ಗಾಯವಾಗಿದೆ ಅಂದರೆ ಹತ್ತಿರದ ಪಶುವೈದ್ಯರಿಗೆ ತೋರಿಸಿ, ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ. ಬೆಂಗಳೂರಿನವರಿಗೆ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ. ಬೆಕ್ಕು ಕಚ್ಚಿದ ಮರಿಯಾದರೆ ಗಾಯ ಸಣ್ಣದಿದ್ದರೂ ತಡ ಮಾಡಬೇಡಿ, ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಹಕ್ಕಿ ಉಳಿಯುವುದು ಕಷ್ಟ. ಸಾಗಿಸುವಾಗ ತೂತು ಮಾಡಿದ ರಟ್ಟಿನ ಡಬ್ಬ, ಒಳಗೆ ಹತ್ತಿ ಬಟ್ಟೆ, ಕತ್ತಲೆ, ಬೆಚ್ಚಗೆ. ಅಷ್ಟು ಸಾಕು.

ಮಾತಿನ ವಿಷಯ ಕೇಳಿದ್ದೀರಿ. ಮನೆಯಲ್ಲಿ ಬೆಳೆದ ಗೊರವಂಕ ಕೆಲವು ಪದ, ಸಿಳ್ಳೆ ಕಲಿಯುವುದು ಹೌದು. ಆದರೆ ಅದನ್ನು ಸಾಕುವ ಹಾಗಿಲ್ಲ. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ, ಮಕ್ಕಳಿಗೂ ಓದಿ ಹೇಳಿ.

ಪ್ರಶ್ನೆ: ನಮ್ಮ ಕಡೆ ಸಂತೆಯಲ್ಲಿ ಒಬ್ಬರು ‘ಬೆಟ್ಟದ ಮೈನಾ, ಆರು ತಿಂಗಳಲ್ಲಿ ಕನ್ನಡ ಮಾತಾಡುತ್ತೆ’ ಅಂತ ಮರಿ ತೋರಿಸಿದರು. ನಾಲಿಗೆಗೆ ಕಾಳುಮೆಣಸು ಉಜ್ಜಿದರೆ ಇನ್ನೂ ಬೇಗ ಕಲಿಯುತ್ತಂತೆ. ತಗೊಳ್ಳೋದಾದರೆ ಲೈಸೆನ್ಸ್ ಎಲ್ಲಿ ಮಾಡಿಸಬೇಕು? (ಹುಬ್ಬಳ್ಳಿಯ ಓದುಗರು)

ಉತ್ತರ: ಎಲ್ಲೂ ಸಿಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡು ಹಕ್ಕಿಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಅಪರಾಧ. ಗೊರವಂಕ, ಕಾಡು ಮೈನಾ, ಬೆಟ್ಟದ ಮೈನಾ ಮೂರಕ್ಕೂ ಇದು ಅನ್ವಯಿಸುತ್ತದೆ, ಗಿಳಿಗೂ ಸಹ. ಊರಲ್ಲಿ ಎಲ್ಲರೂ ಗಿಳಿ ಸಾಕಿದ್ದಾರಲ್ಲ ಅಂದರೆ ಅದೂ ತಪ್ಪೇ.

ಈ ಮೂರರ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು. ಮನೆ ಸುತ್ತ ಓಡಾಡುವುದು ಗೊರವಂಕ. ಮಲೆನಾಡಿನ ಕಡೆ ಜಾಸ್ತಿ ಕಾಣುವ ಕಾಡು ಮೈನಾಕ್ಕೆ ಕೊಕ್ಕಿನ ಬುಡದಲ್ಲಿ, ಹಣೆಯ ಮೇಲೆ, ಚಿಕ್ಕ ಜುಟ್ಟಿನಂಥ ಕೂದಲು ಎದ್ದಿರುತ್ತದೆ, ಕಣ್ಣಿನ ಹಿಂದಿನ ಹಳದಿ ಚರ್ಮ ಇರುವುದಿಲ್ಲ. ಬೆಟ್ಟದ ಮೈನಾ ಪೂರ್ತಿ ಮಿರುಗುವ ಕಪ್ಪು, ದಪ್ಪ ಕಿತ್ತಳೆ ಕೊಕ್ಕು, ತಲೆಯ ಪಕ್ಕಕ್ಕೆ ಹಳದಿ ಚರ್ಮದ ಪಟ್ಟಿ. ಇದು ಪಶ್ಚಿಮ ಘಟ್ಟದ ಎತ್ತರದ ಮರಗಳ ಹಕ್ಕಿ, ನೆಲಕ್ಕೆ ಇಳಿಯುವುದೇ ಅಪರೂಪ. ಇದರದೇ ಬಳಗದ ಬಸ್ತರ್ ಮೈನಾ ಛತ್ತೀಸ್‌ಗಢದ ರಾಜ್ಯಪಕ್ಷಿ. ಮಾತಾಡುವ ಮೈನಾ ಅಂತ ಪ್ರಪಂಚದಲ್ಲೆಲ್ಲ ಹೆಸರಾಗಿದ್ದು ಬೆಟ್ಟದ ಮೈನಾಗಳೇ, ಆ ಹೆಸರೇ ಅವಕ್ಕೆ ಶತ್ರುವಾಯಿತು. ಮರಿ ಬೇಕು ಅಂತ ಪೊಟರೆ ಇರುವ ಹಳೇ ಮರವನ್ನೇ ಕಡಿಯುವವರೂ ಇದ್ದಾರೆ. ಒಂದು ಮರಿ ಪಂಜರಕ್ಕೆ ಬಂತು ಅಂದರೆ ಒಂದು ಪೊಟರೆಯೂ ಹೋಯಿತು, ಮುಂದಿನ ವರ್ಷದ ಗೂಡೂ ಹೋಯಿತು. ಸಂತೆಯಲ್ಲಿ ಸಾಮಾನ್ಯ ಗೊರವಂಕದ ಮರಿಯನ್ನೇ ಬೆಟ್ಟದ ಮೈನಾ ಅಂತ ಮಾರುವುದೂ ಉಂಟು. ಮರಿಯಲ್ಲಿ ಗುರುತಿಸುವುದು ಹೊಸಬರಿಗೆ ಆಗುವ ಕೆಲಸ ಅಲ್ಲ.

ಮಾತು ಹೇಗೆ ಬರುತ್ತದೆ ಅನ್ನುವುದನ್ನು ತಿಳಿದರೆ ಆಸೆ ಕಡಿಮೆಯಾಗುತ್ತೆ ಅಂತ ನನ್ನ ನಂಬಿಕೆ. ಕಾಡಿನಲ್ಲಿ ಬೆಟ್ಟದ ಮೈನಾ ಬೇರೆ ಜಾತಿಯ ಹಕ್ಕಿಗಳ ಕೂಗನ್ನು ಕಲಿಯುವುದಿಲ್ಲ. ಅಕ್ಕಪಕ್ಕ ಇರುವ ತನ್ನದೇ ಜಾತಿಯ ಮೈನಾಗಳ ಕೂಗನ್ನು ಕಲಿಯುತ್ತದೆ. ಮರಿಯಲ್ಲೇ ತಂದು ಪಂಜರದಲ್ಲಿಟ್ಟಾಗ ಕೇಳಿಸಿಕೊಳ್ಳಲು ಇನ್ನೊಂದು ಮೈನಾ ಇರುವುದಿಲ್ಲ, ಇರುವವರು ನಾವು ಮಾತ್ರ. ಹಾಗಾಗಿ ನಮ್ಮ ‘ಬಾ’, ‘ಊಟ ಆಯ್ತಾ’ ಇವನ್ನೇ ತನ್ನವರ ಕೂಗು ಅಂತ ಹಿಡಿಯುತ್ತದೆ. ಅದು ಮಾತಾಡಿದಾಗ ನಮಗೆ ಖುಷಿ, ಆದರೆ ಅದು ಕರೆಯುತ್ತಿರುವುದು ಜೊತೆಗಾರರನ್ನು.

ನಾಲಿಗೆಗೆ ಮೆಣಸು ಉಜ್ಜುವುದು, ನಾಲಿಗೆ ಕೆರೆಯುವುದು, ಸೀಳುವುದು ಇವೆಲ್ಲ ಶುದ್ಧ ಹಿಂಸೆ. ಹಕ್ಕಿಯ ಸ್ವರ ಹುಟ್ಟುವುದು ಎದೆಯೊಳಗೆ, ಶ್ವಾಸನಾಳ ಎರಡಾಗಿ ಒಡೆಯುವ ಕಡೆ ಇರುವ ಧ್ವನಿಪೆಟ್ಟಿಗೆಯಲ್ಲಿ. ನಾಲಿಗೆ ಕೆರೆದರೆ ಗಾಯವಾಗುತ್ತದೆಯೇ ಹೊರತು ಮಾತು ಬರುವುದಿಲ್ಲ. ಹೀಗೆ ಮಾಡುವವರನ್ನು ಕಂಡರೆ ಅಲ್ಲೇ ಬೇಡ ಅನ್ನಿ, ಮಾರುತ್ತಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಪಾಪ ಅನ್ನಿಸಿ ದುಡ್ಡು ಕೊಟ್ಟು ಬಿಡಿಸಿ ತರಬೇಡಿ, ಆ ದುಡ್ಡಿಗೆ ಮುಂದಿನ ವಾರ ಇನ್ನೂ ನಾಲ್ಕು ಮರಿ ಬರುತ್ತವೆ.

ಪ್ರಶ್ನೆ: ಮೂರು ವರ್ಷದ ಹಿಂದೆ ಮಳೆಯಲ್ಲಿ ಬಿದ್ದಿದ್ದ ಗೊರವಂಕದ ಮರಿಯನ್ನು ನಮ್ಮ ಅತ್ತೆ ಅಂಗೈಯಲ್ಲಿಟ್ಟು ಬೆಳೆಸಿದರು. ಈಗ ಅದು ಅವರ ಹೆಗಲು ಬಿಟ್ಟು ಇಳಿಯಲ್ಲ. ಅನ್ನ, ಬಿಸ್ಕತ್ತು, ಮಿಕ್ಸ್ಚರ್ ಎಲ್ಲ ತಿನ್ನುತ್ತೆ. ತಪ್ಪು ಅಂತ ಈಗ ಗೊತ್ತಾಗಿದೆ. ಬಾಗಿಲು ತೆಗೆದು ಹಾರಿಸಿಬಿಡಲಾ? (ದಾವಣಗೆರೆಯ ಓದುಗರು)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಈ ಹಕ್ಕಿಗೆ ತಾನು ಗೊರವಂಕ ಅನ್ನುವುದೇ ಗೊತ್ತಿಲ್ಲ. ಮಿಡತೆ ಹಿಡಿಯಲು ಬರುವುದಿಲ್ಲ, ಬೆಕ್ಕಿನ ಭಯ ಇಲ್ಲ, ಹೊರಗಿನ ಜೋಡಿಗಳು ತಮ್ಮ ಜಾಗಕ್ಕೆ ಬಂದ ಹೊಸಬರನ್ನು ನೆಲಕ್ಕೆ ಕೆಡವಿ ಕುಕ್ಕುತ್ತವೆ. ಹಸಿದಾಗ ಅದು ಹೋಗುವುದು ಯಾರದ್ದೋ ಹೆಗಲಿಗೆ. ಅರಣ್ಯ ಇಲಾಖೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹಕ್ಕಿಗಳ ಪುನರ್ವಸತಿ ಮಾಡುವ ಕೇಂದ್ರಕ್ಕೆ ಒಪ್ಪಿಸಿ. ಅಲ್ಲಿ ಬೇರೆ ಗೊರವಂಕಗಳ ಜೊತೆ ದೊಡ್ಡ ಜಾಗದಲ್ಲಿಟ್ಟು, ಹಾರಾಟ ಬಲಿತು, ತಾನೇ ಹುಳ ಹಿಡಿಯುವುದು ಕಲಿತ ಮೇಲೆ ಬಿಡಲು ನೋಡುತ್ತಾರೆ. ಕೆಲವು ಹಕ್ಕಿಗಳು ಮತ್ತೆ ಹೊರಗೆ ಬದುಕುವಂತಾಗುವುದೇ ಇಲ್ಲ, ಆಗ ಏನು ಅಂತ ಅವರೇ ತೀರ್ಮಾನಿಸುತ್ತಾರೆ. ಅತ್ತೆಯವರಿಗೆ ಇದು ಸಂಕಟದ ವಿಷಯ, ಗೊತ್ತು. ಅವತ್ತು ಮಳೆಯಲ್ಲಿ ಅವರು ಎತ್ತಿಕೊಳ್ಳದಿದ್ದರೆ ಅದು ಉಳಿಯುತ್ತಲೇ ಇರಲಿಲ್ಲ ಅಂತ ನನ್ನ ಪರವಾಗಿಯೂ ಅವರಿಗೆ ಹೇಳಿ.

ಒಪ್ಪಿಸುವ ತನಕ ಮಿಕ್ಸ್ಚರ್, ಬಿಸ್ಕತ್ತು ಪೂರ್ತಿ ಬಂದ್. ಉಪ್ಪು, ಎಣ್ಣೆ ಎರಡೂ ಅದಕ್ಕೆ ಆಗದು. ಪಪ್ಪಾಯ, ಬಾಳೆಹಣ್ಣು, ಮಿಡತೆ, ಗೆದ್ದಲು, ಬೇಯಿಸಿದ ಮೊಟ್ಟೆಯ ಬಿಳಿಭಾಗ ಕೊಡಿ. ಶಕ್ತಿ ಬರಲಿ ಅಂತ ಕಬ್ಬಿಣಾಂಶದ ಟಾನಿಕ್ ಹಾಕುವವರಿದ್ದಾರೆ, ಅದನ್ನಂತೂ ಹಾಕಲೇಬೇಡಿ. ಮೈನಾ ಜಾತಿಯ ಹಕ್ಕಿಗಳಿಗೆ ಪಂಜರದಲ್ಲಿ ಬರುವ ದೊಡ್ಡ ಕಾಯಿಲೆಯೇ ಯಕೃತ್ತಿನಲ್ಲಿ ಕಬ್ಬಿಣ ತುಂಬಿಕೊಳ್ಳುವುದು. ಹೊರಗಿಂದ ಏನೂ ಕಾಣುವುದಿಲ್ಲ. ಹೊಟ್ಟೆ ಊದಿ, ಏದುಸಿರು ಬರುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಪ್ರಶ್ನೆ: ಒಂಟಿ ಗೊರವಂಕ ಕಂಡರೆ ಕೆಟ್ಟದ್ದು, ಜೋಡಿ ಕಂಡರೆ ಒಳ್ಳೆಯದು ಅಂತ ಮಗಳು ಸ್ಕೂಲಿಂದ ಕಲಿತು ಬಂದಿದ್ದಾಳೆ. ಪರೀಕ್ಷೆ ದಿನ ಒಂದೇ ಕಂಡಿತು ಅಂತ ಅಳು! (ಶಿವಮೊಗ್ಗದ ಓದುಗರು)

ಉತ್ತರ: ಇದು ಇಂಗ್ಲೆಂಡಿನಲ್ಲಿ ಮ್ಯಾಗ್‌ಪೈ ಅನ್ನುವ ಕಪ್ಪು ಬಿಳಿ ಹಕ್ಕಿಯ ಬಗ್ಗೆ ಇರುವ ಮಕ್ಕಳ ಪದ್ಯ. ಕಾನ್ವೆಂಟ್ ಶಾಲೆಗಳ ದಾರಿಯಾಗಿ ಇಲ್ಲಿಗೆ ಬಂದು ನಮ್ಮ ಗೊರವಂಕಕ್ಕೆ ಅಂಟಿಕೊಂಡಿತು. ಮಗಳಿಗೆ ಒಂದು ಕೆಲಸ ಕೊಡಿ. ಒಂದೇ ಕಂಡಾಗ ನಿಂತು ಸುತ್ತ ನೋಡಲಿ. ಇವು ಜೋಡಿಯಾಗಿ ಬಾಳುವ ಹಕ್ಕಿಗಳು, ಇನ್ನೊಂದು ಸಾಮಾನ್ಯವಾಗಿ ಕಾಂಪೌಂಡ್ ಆಚೆಯೋ ತಂತಿಯ ಮೇಲೋ ಇದ್ದೇ ಇರುತ್ತದೆ. ಇಲ್ಲದಿದ್ದರೆ ಅದು ಗೂಡಿನಲ್ಲಿ ನೀಲಿ ಮೊಟ್ಟೆಗಳಿಗೆ ಕಾವು ಕೊಡುತ್ತಿರಬಹುದು. ಅಂದರೆ ಒಂಟಿ ಗೊರವಂಕ ಮರಿ ಬರುವ ಸುದ್ದಿ, ಅದರಲ್ಲಿ ಅಳುವುದೇನಿದೆ?

ಪ್ರಶ್ನೆ: ನಾನು ಸಿಡ್ನಿಯಲ್ಲಿದ್ದೇನೆ. ಇಲ್ಲಿ ‘ಇಂಡಿಯನ್ ಮೈನಾ’ ಅಂತ ಕರೆದು ಬೋನಿಟ್ಟು ಹಿಡಿದು ಸಾಯಿಸುತ್ತಾರೆ. ಪಕ್ಕದ ಮನೆಯವರು ನಮ್ಮ ಹಿತ್ತಲಲ್ಲೂ ಬೋನು ಇಡಲಾ ಅಂತ ಕೇಳಿದರು. ಊರಿನ ಹಕ್ಕಿ, ನನಗೆ ಮನಸ್ಸೇ ಬರಲಿಲ್ಲ. (ಆಸ್ಟ್ರೇಲಿಯಾದ ಕನ್ನಡಿಗರು)

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತೆ. ಆದರೆ ಪಕ್ಕದ ಮನೆಯವರ ಮಾತಿನಲ್ಲೂ ಹುರುಳಿದೆ. ಗೊರವಂಕ ಅಲ್ಲಿಗೆ ತಾನಾಗಿ ಹಾರಿ ಹೋಗಿದ್ದಲ್ಲ. 1862ರಿಂದ ಮೆಲ್ಬೋರ್ನ್‌ನಲ್ಲಿ ತರಕಾರಿ ತೋಟದ ಹುಳ ತಿನ್ನಲಿ ಅಂತ ತಂದು ಬಿಟ್ಟರು. 1883ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಿಗೆ ಒಯ್ದರು. ಅದಕ್ಕೂ ನೂರು ವರ್ಷ ಮೊದಲೇ, 1762ರಲ್ಲಿ, ಮಿಡತೆ ಹಾವಳಿಗೆ ಅಂತ ನಮ್ಮ ದೇಶದಿಂದ ಮಾರಿಷಸ್‌ಗೆ ಹಡಗಿನಲ್ಲಿ ಕಳಿಸಿದ್ದರು. 1865ರಲ್ಲಿ ಹವಾಯಿಗೂ ಹೋಯಿತು. ಇಸ್ರೇಲಿನಲ್ಲಿ 1990ರ ದಶಕದ ಕೊನೆಗೆ ಟೆಲ್ ಅವೀವ್‌ನಲ್ಲಿ ಪಂಜರದಿಂದ ತಪ್ಪಿಸಿಕೊಂಡ ಹಕ್ಕಿಗಳು ಹಬ್ಬಿದವು. ಹೋದಲ್ಲೆಲ್ಲ ಅದು ಬದುಕಿತು, ಯಾಕೆಂದರೆ ಹುಳ, ಹಣ್ಣು, ಅನ್ನ, ಎಂಜಲು ಏನು ಸಿಕ್ಕರೂ ತಿನ್ನುತ್ತದೆ, ಗೋಡೆಯ ಬಿರುಕಾದರೂ ಬೀದಿ ದೀಪವಾದರೂ ಗೂಡು ಮಾಡುತ್ತದೆ. ತೊಂದರೆ ಇರುವುದು ಈ ಗೂಡಿನಲ್ಲೇ. ಆಸ್ಟ್ರೇಲಿಯಾದ ರೊಸೆಲ್ಲಾ ಗಿಳಿಗಳಂಥ ಹಕ್ಕಿಗಳಿಗೆ ಮರದ ಪೊಟರೆಯೇ ಬೇಕು, ಗೊರವಂಕ ಅದನ್ನು ಆಕ್ರಮಿಸಿ ಅವನ್ನು ಓಡಿಸುತ್ತದೆ, ಕೆಲವು ಸಲ ಮೊಟ್ಟೆ ಮರಿ ಹೊರಗೆ ಎಳೆದು ಹಾಕುತ್ತದೆ. ದ್ವೀಪಗಳಲ್ಲಂತೂ ಹಾನಿ ಇನ್ನೂ ದೊಡ್ಡದು. 2000ದಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಪ್ರಕಟಿಸಿದ ಪ್ರಪಂಚದ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಮೂರೇ ಹಕ್ಕಿಗಳಿದ್ದವು, ಅದರಲ್ಲಿ ಗೊರವಂಕ ಒಂದು. ನಮ್ಮ ಕೆಂಪು ಬುಡದ ಪಿಕಳಾರವೂ ಆ ಪಟ್ಟಿಯಲ್ಲಿದೆ, ಮೂರನೆಯದು ಯುರೋಪಿನ ಸ್ಟಾರ್ಲಿಂಗ್.

ಬೋನಿಡಲು ನಿಮಗೆ ಮನಸ್ಸಿಲ್ಲದಿದ್ದರೆ ಇಡಬೇಡಿ, ಅದೊಂದೇ ದಾರಿ ಅಲ್ಲ. ನಾಯಿ ಬೆಕ್ಕಿನ ಊಟದ ತಟ್ಟೆ ಹೊರಗೆ ಬಿಡಬೇಡಿ. ಸೂರಿನ ಸಂದುಗಳನ್ನು, ಒಳಗೆ ಗೂಡಿಲ್ಲ ಅಂತ ನೋಡಿಕೊಂಡು, ಮುಚ್ಚಿಸಿ. ಹುಲ್ಲುಹಾಸು ಕಡಿಮೆ ಮಾಡಿ ಅಲ್ಲಿನದೇ ಪೊದೆ ಗಿಡಗಳನ್ನು ಹಾಕಿ, ಗೊರವಂಕಕ್ಕೆ ಬಯಲು ಇಷ್ಟ. ಪಕ್ಕದ ಮನೆಯವರಿಗೆ ಇನ್ನೊಂದು ಮಾತು ಹೇಳಿ. ನಾಯ್ಸಿ ಮೈನರ್ ಅನ್ನುವ ಬೂದು ಬಣ್ಣದ ಹಕ್ಕಿ ಅಲ್ಲಿಯದೇ, ಅದಕ್ಕೆ ಕಾನೂನಿನ ರಕ್ಷಣೆ ಇದೆ. ಅದಕ್ಕೂ ಹಳದಿ ಕೊಕ್ಕು, ಕಣ್ಣಿನ ಹಿಂದೆ ಹಳದಿ ಇರುವುದರಿಂದ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಬೋನು ಇಡುವವರು ಮೊದಲು ಅಲ್ಲಿನ ಕೌನ್ಸಿಲ್‌ನ ನಿಯಮ ಕೇಳಿಕೊಳ್ಳಲಿ.

ಪ್ರಶ್ನೆ: ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿನ ತೂತಿನಲ್ಲಿ ಗೂಡು. ಹಿಕ್ಕೆ, ಸದ್ದು, ಸಾಕಾಗಿದೆ. ಮೇಲಿಂದ ಒಂದು ಹಕ್ಕಿ ಕಾರಿನ ಕನ್ನಡಿಗೆ ದಿನವಿಡೀ ಕುಕ್ಕುತ್ತೆ. ಕಿತ್ತು ಹಾಕಬಹುದಾ? (ಮೈಸೂರಿನ ಓದುಗರು)

ಉತ್ತರ: ಸ್ವಲ್ಪ ದಿನ ತಡೆದುಕೊಳ್ಳಿ. ಮೊಟ್ಟೆ ಒಡೆಯಲು ಎರಡೂವರೆ ವಾರ, ಮರಿ ಹಾರಲು ಆಮೇಲೆ ಮೂರು ವಾರ ಚಿಲ್ಲರೆ. ಒಳಗಿಂದ ಚಿರ್ ಚಿರ್ ಅಂತ ಮರಿಗಳ ಸದ್ದು ಕೇಳುತ್ತಿದ್ದರೆ ಅರ್ಧ ಕಾಲ ಆಗಲೇ ಕಳೆದಿದೆ. ಅಲ್ಲಿಯ ತನಕ ಫ್ಯಾನ್ ಸ್ವಿಚ್‌ಗೆ ಟೇಪ್ ಅಂಟಿಸಿ, ಯಾರೂ ಮರೆತು ಹಾಕದಿರಲಿ. ಮರಿಗಳು ಹಾರಿದ ಮೇಲೆ ತಡ ಮಾಡದೆ ಎಲ್ಲ ತೆಗೆಯಿರಿ, ಯಾಕೆಂದರೆ ಅದೇ ಜೋಡಿ ಅದೇ ಜಾಗದಲ್ಲಿ ಮತ್ತೆ ಮೊಟ್ಟೆ ಇಡಬಹುದು. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳಿ, ಕಸದ ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಹುಲ್ಲು, ಬೇರು, ಪ್ಲಾಸ್ಟಿಕ್ ದಾರ, ಚಾಕೊಲೇಟ್ ಕಾಗದ, ಕೋಳಿ ಪುಕ್ಕ, ಕೆಲವು ಸಲ ಹಾವಿನ ಪೊರೆ ಕೂಡ ಸಿಗುತ್ತದೆ, ಹೆದರಬೇಡಿ, ಹಾವು ಬಂದಿತ್ತು ಅಂತಲ್ಲ, ಪೊರೆಯನ್ನು ಹಕ್ಕಿಯೇ ತಂದು ಹಾಕಿರುತ್ತದೆ. ಆಮೇಲೆ ತೂತಿಗೆ ಕಬ್ಬಿಣದ ಜಾಲರಿ ಹೊಡೆಸಿ.

ಕನ್ನಡಿಯಲ್ಲಿ ಕಾಣುವುದು ತನ್ನ ಜಾಗಕ್ಕೆ ನುಗ್ಗಿದ ಇನ್ನೊಂದು ಗೊರವಂಕ ಅಂತ ಅದರ ಲೆಕ್ಕ. ಕಾರು ನಿಲ್ಲಿಸಿದಾಗ ಎರಡೂ ಕನ್ನಡಿಗೆ ಬಟ್ಟೆ ಚೀಲ ಹಾಕಿ, ಅದೇ ದಿನ ನಿಲ್ಲುತ್ತದೆ.

ಪ್ರಶ್ನೆ: ತಲೆಯಲ್ಲಿ ಒಂದೂ ಗರಿ ಇಲ್ಲದ, ಹಳದಿ ತಲೆಯ ಗೊರವಂಕ ನೋಡಿದೆ. ಹೊಸ ಜಾತಿಯಾ? (ಹಾಸನದ ಓದುಗರು)

ಉತ್ತರ: ಅಲ್ಲ, ಅದೇ ಗೊರವಂಕ. ಉಣ್ಣಿಯಂಥ ಸೂಕ್ಷ್ಮ ಹುಳಗಳ ಕಾಟದಿಂದಲೋ, ಗರಿ ಉದುರಿ ಹೊಸದು ಬರುವ ಕಾಲದಲ್ಲೋ ಹೀಗಾಗುತ್ತದೆ. ಮೈಯ ಬೇರೆ ಕಡೆ ಕೊಕ್ಕಿನಿಂದ ತೀಡಿಕೊಳ್ಳುವ ಹಾಗೆ ತಲೆಯನ್ನು ತೀಡಿಕೊಳ್ಳಲು ಆಗುವುದಿಲ್ಲ ಅಲ್ವಾ, ಅದಕ್ಕೇ ತಲೆಯೇ ಬೋಳು. ಓಡಾಡಿಕೊಂಡು ಮೇಯುತ್ತಿದ್ದರೆ ಹಿಡಿಯಲು ಹೋಗಬೇಡಿ.

ಪ್ರಶ್ನೆ: ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಗೊರವಂಕದ ಹಿಂಡು ಬರುತ್ತೆ. ತಿನ್ನುವುದು ಕಮ್ಮಿ, ಕುಕ್ಕಿ ಹಾಳು ಮಾಡುವುದು ಜಾಸ್ತಿ. ಔಷಧಿ ಏನಾದರೂ ಇದೆಯಾ? (ಚಿಕ್ಕಬಳ್ಳಾಪುರದ ರೈತರು)

ಉತ್ತರ: ಔಷಧಿ ಇಡುವ ಯೋಚನೆ ಪೂರ್ತಿ ಬಿಡಿ. ವಿಷ ತಿಂದ ಹಕ್ಕಿಯನ್ನು ನಿಮ್ಮ ನಾಯಿ ತಿನ್ನುತ್ತದೆ, ಹದ್ದು ತಿನ್ನುತ್ತದೆ, ಕೇಸೂ ಆಗುತ್ತದೆ. ನಷ್ಟ ಆಗುತ್ತಿರುವುದು ನಿಜ. ಗೊನೆಯಲ್ಲಿ ನಾಲ್ಕು ಹಣ್ಣು ಒಡೆದರೆ ರಸ ಸೋರಿ ಇಡೀ ಗೊನೆ ಕೊಳೆಯುತ್ತದೆ, ಮಾರ್ಕೆಟ್ಟಿನಲ್ಲಿ ಕೇಳುವವರಿಲ್ಲ. ಹೊಳೆಯುವ ರಿಬ್ಬನ್, ಹಳೇ ಸಿ.ಡಿ., ಪಟಾಕಿ ಇವೆಲ್ಲ ಕೆಲವು ದಿನದ ಮಾತು. ಈ ಹಕ್ಕಿ ಬಹಳ ಚುರುಕು, ಅಪಾಯ ಇಲ್ಲ ಅಂತ ಬೇಗ ಕಂಡುಕೊಳ್ಳುತ್ತದೆ. ನಿಜವಾಗಿ ಕೆಲಸ ಮಾಡುವುದು ಬಲೆಯೊಂದೇ. ಹಣ್ಣು ಬಣ್ಣಕ್ಕೆ ತಿರುಗುವ ಮೊದಲೇ ಚಪ್ಪರದ ಮೇಲೂ ಬದಿಗೂ ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಿಟ್ಟರೆ ಹಕ್ಕಿ, ಹಾವು ಸಿಕ್ಕಿಹಾಕಿಕೊಂಡು ಒದ್ದಾಡುತ್ತವೆ, ದಿನಕ್ಕೆರಡು ಸಲ ಸುತ್ತಿ ನೋಡಬೇಕಾಗುತ್ತದೆ. ಖರ್ಚು ಇದೆ, ಆದರೆ ಬಿಸಿಲಿಗೆ ಬಾಳುವ ಬಲೆ ತಂದರೆ ಕೆಲವು ಬೆಳೆಗೆ ಬರುತ್ತದೆ.

ಉಳಿದ ತಿಂಗಳು ಅದೇ ಹಿಂಡು ನಿಮ್ಮ ಹೊಲದಲ್ಲಿ ಏನು ಮಾಡುತ್ತದೆ ಅಂತಲೂ ನೋಡಿ. ಟ್ರ್ಯಾಕ್ಟರ್ ಮಣ್ಣು ಮಗುಚುತ್ತಾ ಹೋದಂತೆ ಹಿಂದೆಯೇ ನಡೆದುಕೊಂಡು ಬರುತ್ತವೆ, ಹಸಿ ಹೆಂಟೆಯ ಪಕ್ಕ ತಲೆ ಓರೆ ಮಾಡಿ ನೋಡಿ ಗೊಣ್ಣೆಹುಳವನ್ನು ಎಳೆದು ತೆಗೆಯುತ್ತವೆ. ದನ ಮೇಯುವಾಗ ಕಾಲ ಬುಡದಿಂದ ಏಳುವ ಮಿಡತೆಗೆ ಕಾಯುತ್ತವೆ. ಆ ಗೊಣ್ಣೆಹುಳ ಉಳಿದಿದ್ದರೆ ರಾಗಿ, ಕಡಲೆಕಾಯಿ ಬೇರಿಗೆ ಬಾಯಿ ಹಾಕುತ್ತಿತ್ತು. ಬದುವಿನಲ್ಲಿ ಒಂದು ಆಲವೋ ಅತ್ತಿಯೋ ಇದ್ದರೆ ಕಡಿಯಬೇಡಿ, ಆ ಹಣ್ಣು ಇರುವಷ್ಟು ದಿನ ಹಿಂಡಿಗೆ ಬೇರೆ ಮೇವೂ ಸಿಕ್ಕ ಹಾಗಾಗುತ್ತದೆ. ಬಲೆಯ ಖರ್ಚಿಗೆ ಸಹಾಯಧನ ಸಿಗುತ್ತದೆಯೇ ಅಂತ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಒಂದು ಸಲ ವಿಚಾರಿಸಿ, ಹಣ್ಣು ಬಿಡುವ ಮೊದಲೇ ಹೋಗಿ.